ಕಾಯ್ದೆ ಕೌಂಟರಿಗೆ ಬರುವ ದಾರಿ

ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿರುವ ನನ್ನ ತಂಗಿಯ ಮಗ ಹೋದ ವಾರ ಮೊಬೈಲಿಗೆ ಎರಡು ಪುಟದ ಕಾಗದವೊಂದನ್ನು ಕಳುಹಿಸಿದ. ಅವನ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳು ಬದಲಾಗಿವೆ, ಬಡ್ತಿಯಿಂದ ತುಂಬುತ್ತಿದ್ದ ಹುದ್ದೆಗಳಲ್ಲಿ ಒಂದು ಪಾಲು ನೇರ ನೇಮಕಾತಿಗೆ ಹೋಗಿದೆ ಎಂಬುದು ಅದರ ಸಾರ. ಕೆಲವು ದಿನಗಳಿಂದ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಅದೇ ರಾದ್ಧಾಂತವಂತೆ. ಒಬ್ಬರು ಹೊಸ ಕಾಯ್ದೆ ಎನ್ನುತ್ತಾರೆ, ಇನ್ನೊಬ್ಬರು ಬರೀ ಆದೇಶ ಎನ್ನುತ್ತಾರೆ, ಮತ್ತೊಬ್ಬರು "ಉಗ್ರ ಹೋರಾಟ" ಎಂದು ಎರಡು ಪದ ಬರೆದು ಸುಮ್ಮನಾಗಿದ್ದಾರೆ. "ಮಾವ, ನನ್ನ ಬಡ್ತಿ ಹೋಯಿತೇ?" ಎಂಬುದು ಇವನ ಪ್ರಶ್ನೆ.

ನಾನು ತಾಲ್ಲೂಕು ಕಚೇರಿಗಳಲ್ಲಿ ಮೂರು ದಶಕ ಕಡತ ಹೊತ್ತು, ಶಿರಸ್ತೇದಾರನಾಗಿ ನಿವೃತ್ತನಾಗಿ, ಮೈಸೂರಿಗೆ ಬಂದು ನೆಲೆಸಿದವನು. ಕಾಗದ ಕೈಗೆ ಬಂದರೆ ಮೊದಲು ತಲೆಬರಹ, ಸಂಖ್ಯೆ, ದಿನಾಂಕ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಅವನಿಗೆ ಏನು ಹೇಳಿದೆ ಎಂಬುದನ್ನು ಕೊನೆಗೆ ತಿಳಿಸುತ್ತೇನೆ. ಅದಕ್ಕೂ ಮುಂಚೆ, ಅವನ ಗುಂಪಿನವರಿಗೆ ಮಾತ್ರವಲ್ಲ, ಪತ್ರಿಕೆಯಲ್ಲಿ "ಸರ್ಕಾರದಿಂದ ಹೊಸ ಕಾನೂನು" ಎಂಬ ಶೀರ್ಷಿಕೆ ಓದುವ ಎಲ್ಲರಿಗೂ ಆಗುವ ಗೊಂದಲವೊಂದನ್ನು ಬಿಡಿಸಬೇಕು.

ಕೃಷ್ಣರಾಜಸಾಗರದಿಂದ ನಾಲೆಗೆ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ಮದ್ದೂರಿನ ಕಡೆಯ ಗದ್ದೆಗೆ ನೀರು ಹರಿದಿರುವುದಿಲ್ಲ. ವಿಶ್ವೇಶ್ವರಯ್ಯ ನಾಲೆ, ಅದರಿಂದ ಉಪನಾಲೆ, ಅಲ್ಲಿಂದ ತೂಬು, ತೂಬಿನಿಂದ ಕಾಲುವೆ. ಒಂದೊಂದು ಕಡೆಯಲ್ಲೂ ನೀರು ನಿಲ್ಲಬಹುದು, ಸೋರಬಹುದು, ಪಕ್ಕದ ಗದ್ದೆಗೆ ತಿರುಗಬಹುದು. ಮಂಡ್ಯದ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಯ್ದೆಯ ದಾರಿಯೂ ಹೀಗೆಯೇ ಎಂದರೆ ಮಾತ್ರ ಸರ್ಕಾರಿ ನೌಕರನೂ ಬೆರಗಾಗುತ್ತಾನೆ.

ಐದು ಕಾಗದಗಳು, ಒಂದೇ ಹೆಸರು

ನಾವು ಬಾಯಿಮಾತಿನಲ್ಲಿ ಕಾನೂನು ಎನ್ನುವುದರ ಒಳಗೆ ಕನಿಷ್ಠ ಐದು ಬೇರೆ ಬೇರೆ ಕಾಗದಗಳಿವೆ: ಮಸೂದೆ, ಅಧಿನಿಯಮ, ನಿಯಮ, ಸರ್ಕಾರಿ ಆದೇಶ, ಸುತ್ತೋಲೆ. ಐದಕ್ಕೂ ತೂಕ ಬೇರೆ.

ವಿಧಾನಸಭೆ, ವಿಧಾನ ಪರಿಷತ್ತುಗಳಲ್ಲಿ ಅಂಗೀಕಾರವಾಗುವವರೆಗೂ, ಅಂಗೀಕಾರವಾದ ಮೇಲೂ ರಾಜ್ಯಪಾಲರ ಅಂಕಿತ ಬೀಳುವವರೆಗೂ ಅದು ಮಸೂದೆಯೇ. ಸಂವಿಧಾನದ 200ನೇ ವಿಧಿಯ ಪ್ರಕಾರ ರಾಜ್ಯಪಾಲರು ಅಂಕಿತ ಹಾಕಬಹುದು, ತಡೆಹಿಡಿದು ಮರುಪರಿಶೀಲನೆಗೆ ಹಿಂದಿರುಗಿಸಬಹುದು ಅಥವಾ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿರುವ ಪ್ರವರ್ಗ 2ಬಿಗೆ ಶೇಕಡಾ 4ರ ಮೀಸಲಾತಿ ಕೊಡುವ ತಿದ್ದುಪಡಿ ಮಸೂದೆ 2025ರ ಮಾರ್ಚ್‌ನಲ್ಲಿ ಉಭಯ ಸದನಗಳಲ್ಲಿ ಪಾಸಾಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಪಾಸಾದ ಮರುದಿನವೇ ಟೆಂಡರ್ ಕರೆಯುವ ಎಂಜಿನಿಯರ್ ಹೊಸ ಲೆಕ್ಕದಲ್ಲಿ ಟೆಂಡರ್ ಕರೆದಿದ್ದರೆ ಅವನ ಮೇಲೆಯೇ ಇಲಾಖಾ ವಿಚಾರಣೆ ನಡೆಯುತ್ತಿತ್ತು. ಅವನ ಮೇಜಿನ ಮಟ್ಟಿಗೆ ಜಾರಿಯಲ್ಲಿದ್ದದ್ದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಹಳೆಯ ಪಾಠವೇ.

ಅಂಕಿತ ಬಿದ್ದು ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರಿ ಗೆಜೆಟ್‌ನಲ್ಲಿ, ಪ್ರಕಟವಾದರೆ ಅದು ಅಧಿನಿಯಮ, ನಾವು ಕಾಯ್ದೆ ಎನ್ನುವುದು ಇದನ್ನೇ. ಆಗಲೂ ಆತುರ ಬೇಡ. ಮೊದಲ ಪುಟದಲ್ಲೇ "ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು ಜಾರಿಗೆ ಬರತಕ್ಕದ್ದು" ಎಂಬ ಸಾಲು ಇದ್ದರೆ ಇನ್ನೊಂದು ಅಧಿಸೂಚನೆಗಾಗಿ ಕಾಯಬೇಕು. ಸಕಾಲ ಎಂದು ನಾವೆಲ್ಲ ಕರೆಯುವ, ಮೊದಲು ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ ಎನಿಸಿಕೊಂಡಿದ್ದ ಕಾಯ್ದೆಯ ಹೆಸರಿನಲ್ಲಿ 2011 ಇದೆ. ರಾಜ್ಯದಾದ್ಯಂತ ಸೇವೆ ಶುರುವಾದದ್ದು 2012ರ ಏಪ್ರಿಲ್ 2ರಂದು.

ಇದಕ್ಕಿಂತ ಸೋಜಿಗದ ಉದಾಹರಣೆ ರಾಜ್ಯದ ಸರ್ಕಾರಿ ನೌಕರರೆಲ್ಲರ ಸೇವೆಯ ತಳಹದಿಯಲ್ಲೇ ಇದೆ. ಅದರ ಹೆಸರು ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ, 1978. ಅದರ ಸಂಖ್ಯೆ: 1990ರ ಕರ್ನಾಟಕ ಅಧಿನಿಯಮ 14. ಹೆಸರಿಗೂ ಸಂಖ್ಯೆಗೂ ಹನ್ನೆರಡು ವರ್ಷದ ಅಂತರ. ಮಸೂದೆ ಬಂದ ವರ್ಷ ಕೆಲಸಕ್ಕೆ ಸೇರಿದ ಗುಮಾಸ್ತ, ಅದಕ್ಕೆ ಸಂಖ್ಯೆ ಬೀಳುವ ಹೊತ್ತಿಗೆ ಹನ್ನೆರಡು ವೇತನ ಬಡ್ತಿಗಳನ್ನು ಕಂಡಿದ್ದಾನೆ. ಇಂದಿಗೂ ನೇಮಕಾತಿ, ಬಡ್ತಿ, ಜ್ಯೇಷ್ಠತೆ, ನಡತೆಗಳ ನಿಯಮಗಳು ಹೊರಡುವಾಗ "1978ರ ಅಧಿನಿಯಮದ 3ನೇ ಪ್ರಕರಣ, 8ನೇ ಪ್ರಕರಣದೊಂದಿಗೆ ಓದಿಕೊಂಡು" ಎಂಬ ಸಾಲಿನಿಂದಲೇ ಆರಂಭವಾಗುತ್ತವೆ (ಪ್ರಕರಣ ಎಂದರೆ ಇಲ್ಲಿ ಕಾಯ್ದೆಯ ಸೆಕ್ಷನ್). ಅದರ ಹಿಂದೆ ನಿಂತಿರುವುದು ಸಂವಿಧಾನದ 309ನೇ ವಿಧಿ. ನೌಕರರ ಸೇವಾ ಷರತ್ತುಗಳನ್ನು ಶಾಸನಸಭೆ ಗೊತ್ತುಮಾಡಬಹುದು ಎನ್ನುವುದು ಆ ವಿಧಿಯೇ.

ಅಧಿನಿಯಮ ತತ್ವ ಹೇಳುತ್ತದೆ. ಕೈಗೆ ಕೆಲಸ ಕೊಡುವುದು ನಿಯಮ. ಉದಾಹರಣೆಗೆ, ನೌಕರ ಯಾವ ವ್ಯಾಪಾರ ಮಾಡಬಾರದು, ಯಾವ ಆಸ್ತಿ ಕೊಂಡಾಗ ತಿಳಿಸಬೇಕು, ಪ್ರತಿ ವರ್ಷ ಆಸ್ತಿ ಮತ್ತು ಹೊಣೆಗಾರಿಕೆಗಳ ಪಟ್ಟಿ ಕೊಡಬೇಕೇ ಎಂಬುದೆಲ್ಲ ನಡತೆ ನಿಯಮಗಳಲ್ಲಿದೆ. 1966ರ ಹಳೆಯ ನಡತೆ ನಿಯಮಗಳ ಜಾಗದಲ್ಲಿ 2021ರಲ್ಲಿ ಹೊಸವು ಬಂದವು. ನಿಯಮಗಳ ಕೆಳಗೆ ಸರ್ಕಾರಿ ಆದೇಶ, ಆದೇಶದ ಕೆಳಗೆ ಅದನ್ನು ವಿವರಿಸುವ ಸುತ್ತೋಲೆ. ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ. ಬಿಟ್ಟುಹೋದದ್ದನ್ನು ತುಂಬಬಹುದು, ಬರೆದಿರುವುದನ್ನು ಅಳಿಸಲಾಗದು. ಕಚೇರಿಗಳಲ್ಲಿ ನಡೆಯುವುದು ಹೆಚ್ಚಾಗಿ ಇದಕ್ಕೆ ತಿರುವುಮುರುವು. ಸುತ್ತೋಲೆ ಎಲ್ಲರ ಮೇಜಿನ ಗಾಜಿನ ಕೆಳಗೆ ಇರುತ್ತದೆ, ನಿಯಮದ ಪುಸ್ತಕ ಬೀರುವಿನಲ್ಲಿ, ಬೀರುವಿನ ಕೀಲಿಕೈ ರಜೆಯ ಮೇಲಿರುವವರ ಜೇಬಿನಲ್ಲಿ.

ಆದೇಶ ಸಣ್ಣದಲ್ಲ

ಹಾಗೆಂದು ಆದೇಶವನ್ನು ಹಗುರವಾಗಿ ಕಾಣುವಂತಿಲ್ಲ. ಮೈಸೂರಿನವರಿಗಂತೂ ಇದು ಗೊತ್ತಿರಬೇಕು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಬೇಕೆಂಬ ಬೇಡಿಕೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಸಮಿತಿಯ ಶಿಫಾರಸಿನ ಮೇಲೆ 1921ರಲ್ಲಿ ಹೊರಟದ್ದು ಒಂದು ಸರ್ಕಾರಿ ಆದೇಶ. ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಬದಲಿಸಲು ಅಷ್ಟು ಸಾಕಾಯಿತು. ಮುಂದೆ 1966ರಲ್ಲಿ, ಮೈಸೂರು ರಾಜ್ಯದ ಎಂಜಿನಿಯರುಗಳ ನೇಮಕದ ಪ್ರಕರಣವೊಂದರಲ್ಲಿ, ನೇಮಕಾತಿ ನಿಯಮ ಇಲ್ಲದಿದ್ದರೂ ಸರ್ಕಾರ ತನ್ನ ಕಾರ್ಯಾಂಗದ ಅಧಿಕಾರದಿಂದಲೇ ನೇಮಕ ಮಾಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇದರ ಒಳಗುಟ್ಟು ಸರಳ. ನೌಕರರ ಮಟ್ಟಿಗೆ ಸರ್ಕಾರ ಆಳುವವನೂ ಹೌದು, ಮಾಲೀಕನೂ ಹೌದು. ಮಾಲೀಕ ತನ್ನ ಆಳಿಗೆ ರಜೆ ಕೊಡಲು ಶಾಸನಸಭೆಯನ್ನು ಕೇಳಬೇಕಿಲ್ಲ. ಬೇರೆಯವರ ಆಳಿಗೆ ರಜೆ ಕೊಡಿಸಲು ಹೊರಟಾಗ ಪ್ರಶ್ನೆ ಏಳುತ್ತದೆ. 2025ರ ನವೆಂಬರ್‌ನಲ್ಲಿ ಬಂದ ಋತುಚಕ್ರ ರಜೆಯ ಆದೇಶದಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ ಹನ್ನೆರಡು ದಿನದ ವೇತನಸಹಿತ ರಜೆಯನ್ನು ಖಾಸಗಿ ಸಂಸ್ಥೆಗಳಿಗೂ ಕಡ್ಡಾಯ ಮಾಡಿದಾಗ, ಕಾಯ್ದೆಯಿಲ್ಲದೆ ಬರೀ ಆದೇಶದಿಂದ ಇದನ್ನು ಹೇರಬಹುದೇ ಎಂದು ಉದ್ಯಮದವರು ಹೈಕೋರ್ಟಿಗೆ ಹೋದರು. ಸರ್ಕಾರಿ ಮಹಿಳಾ ನೌಕರರ ವಿಷಯದಲ್ಲಿ ಆ ತಕರಾರಿಗೆ ಜಾಗವೇ ಇಲ್ಲ.

ಅಸಲಿ ಆದೇಶವನ್ನು ಗುರುತಿಸುವುದು ಕಷ್ಟವಲ್ಲ. ಮೇಲೆ ವಿಷಯ, "ಓದಲಾಗಿದೆ" ಎಂಬ ಪಟ್ಟಿ, ಪ್ರಸ್ತಾವನೆ, ಆಮೇಲೆ ಆದೇಶ ಸಂಖ್ಯೆ. ಸಂಖ್ಯೆಯಲ್ಲಿ ಇಲಾಖೆಯ ಕಿರುಹೆಸರು ಇರುತ್ತದೆ. ಆಇ ಎಂದರೆ ಆರ್ಥಿಕ ಇಲಾಖೆ, ಸಿಆಸುಇ ಎಂದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ. ಕೊನೆಯಲ್ಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಒಕ್ಕಣೆ. ಇದು ಅಲಂಕಾರವಲ್ಲ, ಸರ್ಕಾರದ ಎಲ್ಲ ಕಾರ್ಯಾಂಗದ ಕ್ರಮವೂ ರಾಜ್ಯಪಾಲರ ಹೆಸರಿನಲ್ಲೇ ಹೊರಡಬೇಕೆಂದು 166ನೇ ವಿಧಿ ಹೇಳುತ್ತದೆ. ಹಣದ ಮಾತಿದ್ದರೆ ಆರ್ಥಿಕ ಇಲಾಖೆಯ ಸಹಮತಿಯ ಉಲ್ಲೇಖ ಎಲ್ಲಿದೆ ಎಂದು ಹುಡುಕಬೇಕು. ಅದಿಲ್ಲದ ಆದೇಶವನ್ನು ಖಜಾನೆಯವರು ಒಂದು ಆಕ್ಷೇಪಣೆ ಬರೆದು ವಾಪಸು ಕಳುಹಿಸುತ್ತಾರೆ.

ದಿನಾಂಕ ಎಂಬ ವಿಧಿ

ನೌಕರನ ಬದುಕಿನಲ್ಲಿ ಕಾಯ್ದೆಯ ಒಳಗಿನ ಮಾತಿಗಿಂತ ಅದರ ದಿನಾಂಕ ಹೆಚ್ಚು ಆಟವಾಡಿಸುತ್ತದೆ. ಏಳನೆಯ ವೇತನ ಆಯೋಗವನ್ನೇ ನೋಡಿ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ 2022ರ ನವೆಂಬರ್‌ನಲ್ಲಿ ಆಯೋಗ ರಚನೆಯಾಯಿತು. 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದಾಗ ಶೇಕಡಾ 17ರ ಮಧ್ಯಂತರ ಪರಿಹಾರ ಸಿಕ್ಕಿತು. 2024ರ ಮಾರ್ಚ್‌ನಲ್ಲಿ ವರದಿ ಬಂತು. ಆರ್ಥಿಕ ಲಾಭ ಕೈಗೆ ಸಿಕ್ಕಿದ್ದು 2024ರ ಆಗಸ್ಟ್ 1ರಿಂದ.

ಹೊಸ ಸಂಬಳ ಹೇಗೆ ಬಂತು ಎಂದು ಕೇಳಿದರೆ ಬಹಳ ಜನ "ಆಯೋಗ ಕೊಟ್ಟಿತು" ಎನ್ನುತ್ತಾರೆ. ಆಯೋಗ ಕೊಡುವುದು ಶಿಫಾರಸನ್ನು ಮಾತ್ರ. ಸಂಬಳವಾಗುವುದು ಸಂಪುಟದ ತೀರ್ಮಾನ, ಸರ್ಕಾರಿ ಆದೇಶ, ಆಮೇಲೆ ಪರಿಷ್ಕೃತ ವೇತನ ನಿಯಮಗಳು ಎಂಬ ಮೂರು ಮೆಟ್ಟಿಲು ಇಳಿದ ಮೇಲೆ. ಲೆಕ್ಕ ಹೀಗಿದೆ. ಹಳೆಯ ಕನಿಷ್ಠ ಮೂಲ ವೇತನ 17,000 ರೂಪಾಯಿ. 2022ರ ಜುಲೈ 1ಕ್ಕೆ ಇದ್ದ ಶೇಕಡಾ 31ರ ತುಟ್ಟಿಭತ್ಯೆಯನ್ನು ಅದಕ್ಕೆ ಸೇರಿಸಿದರು, ಮೇಲೆ ಶೇಕಡಾ 27.5ರ ಫಿಟ್‌ಮೆಂಟ್, ಅಂದರೆ ನಿಜವಾದ ಏರಿಕೆ, ಕೊಟ್ಟರು. ಎರಡೂ ಸೇರಿ ಶೇಕಡಾ 58.5. ಹದಿನೇಳು ಸಾವಿರಕ್ಕೆ ಇದನ್ನು ಕೂಡಿದರೆ 26,945. ದುಂಡಗೆ ಮಾಡಿ 27,000. "ಶೇಕಡಾ 58 ಸಂಬಳ ಏರಿಕೆ" ಎಂದು ಟೀಕಿಸುವವರು ಮರೆಯುವ ಮಾತೊಂದಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೌಕರ ಆಗಲೇ ಭತ್ಯೆಯಾಗಿ ಪಡೆಯುತ್ತಿದ್ದದ್ದು, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದದ್ದು.

ಈಗ ದಿನಾಂಕದ ಆಟ ನೋಡಿ. ಪರಿಷ್ಕರಣೆ ಕಾಗದದ ಮೇಲೆ 2022ರ ಜುಲೈ 1ರಿಂದ, ಹಣ 2024ರ ಆಗಸ್ಟ್ 1ರಿಂದ. ಒಂದೇ ಕಚೇರಿಯ ಅಕ್ಕಪಕ್ಕದ ಮೇಜಿನ ಇಬ್ಬರನ್ನು ಊಹಿಸಿಕೊಳ್ಳಿ. ಸಮಾನ ಸೇವೆ, ಸಮಾನ ವೇತನ. ಒಬ್ಬರ ಅರವತ್ತು ತುಂಬಿದ್ದು 2024ರ ಜುಲೈನಲ್ಲಿ, ಇನ್ನೊಬ್ಬರದು ಆಗಸ್ಟ್‌ನಲ್ಲಿ. ವಯೋನಿವೃತ್ತಿ ಆಯಾ ತಿಂಗಳ ಕೊನೆಯ ದಿನ. ಮೊದಲನೆಯವರಿಗೆ ಪಿಂಚಣಿ ಲೆಕ್ಕಕ್ಕೆ ಹೊಸ ವೇತನ ಕಾಲ್ಪನಿಕವಾಗಿ ಸಿಗುತ್ತದೆ. ಉಪದಾನ (ಗ್ರಾಚ್ಯುಯಿಟಿ) ಮತ್ತು ಗಳಿಕೆ ರಜೆಯ ನಗದೀಕರಣ ಮಾತ್ರ ಹಳೆಯ ವೇತನದ ಮೇಲೆ. ಎರಡನೆಯವರಿಗೆ ಎಲ್ಲವೂ ಹೊಸ ವೇತನದ ಮೇಲೆ. ಒಂದು ತಿಂಗಳ ಅಂತರಕ್ಕೆ ಲಕ್ಷಗಳ ಲೆಕ್ಕದಲ್ಲಿ ವ್ಯತ್ಯಾಸ. 2022ರ ಜುಲೈನಿಂದ 2024ರ ಜುಲೈವರೆಗೆ ನಿವೃತ್ತರಾದವರು ಬೀದಿಗಿಳಿದದ್ದು ಈ ಕಾರಣಕ್ಕೆ. ಅವರ ಬೇಡಿಕೆ ದುರಾಸೆಯದು ಎಂದು ನನಗೆ ಅನ್ನಿಸುವುದಿಲ್ಲ. ಹುಟ್ಟಿದ ತಾರೀಖನ್ನು ಯಾರೂ ಅರ್ಜಿ ಹಾಕಿ ಪಡೆದಿರುವುದಿಲ್ಲ.

ಪಿಂಚಣಿಯ ಗೆರೆ ಇನ್ನೂ ಕಠಿಣ. 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದವರಿಗೆ ನಿಶ್ಚಿತ ಪಿಂಚಣಿ, ಆ ದಿನ ಮತ್ತು ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದ ಪಿಂಚಣಿ. ಒಂದೇ ಅಧಿಸೂಚನೆಯಲ್ಲಿ, ಒಂದೇ ಪರೀಕ್ಷೆ ಬರೆದು ಆಯ್ಕೆಯಾದವರಲ್ಲಿ ಬೇಗ ನೇಮಕಾತಿ ಪತ್ರ ಸಿಕ್ಕವನು ಈ ಕಡೆ, ಪೊಲೀಸ್ ಪರಿಶೀಲನೆ ತಡವಾದವನು ಆ ಕಡೆ. ಹದಿನೆಂಟು ವರ್ಷದ ನಂತರ, 2024ರ ಜನವರಿಯಲ್ಲಿ, ಆ ಗೆರೆಗೆ ಮೊದಲೇ ಅಧಿಸೂಚನೆಯಾಗಿ ಆಮೇಲೆ ಸೇರಿದ ಸುಮಾರು 13,000 ಮಂದಿಯನ್ನು ಹಳೆಯ ಯೋಜನೆಗೆ ಸೇರಿಸುವ ಆದೇಶ ಬಂತು. ಇದೂ ಆದೇಶವೇ, ಕಾಯ್ದೆಯಲ್ಲ.

ಫಲಕ ಬದಲಾದರೆ ಒಳಗಿದ್ದವರ ಗತಿ

ಕೆಲವು ಕಾಯ್ದೆಗಳು ನೌಕರನನ್ನು ಮುಟ್ಟದೆ ಅವನ ಕಚೇರಿಯನ್ನೇ ಬದಲಿಸುತ್ತವೆ. ಮೈಸೂರಿನಲ್ಲಿ ಇದಕ್ಕೆ ಒಂದು ಶತಮಾನದ ಇತಿಹಾಸವಿದೆ. 1903ರಲ್ಲಿ ನಗರ ಸುಧಾರಣೆಗೆಂದು ಹುಟ್ಟಿದ ಮಂಡಳಿಯನ್ನು ಹಿರಿಯರು ಇಂದಿಗೂ ಸಿಐಟಿಬಿ ಎನ್ನುತ್ತಾರೆ, "ಸಿಐಟಿಬಿ ಸೈಟು" ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮದ ಅಡಿಯಲ್ಲಿ ಅದು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಆಯಿತು. 2024ರಲ್ಲಿ, ಭೂಮಿ ಕೊಟ್ಟವರಿಗೆ ಅಭಿವೃದ್ಧಿಯಾದ ನಿವೇಶನದಲ್ಲಿ ಅರ್ಧ ಪಾಲು ಕೊಡುವ 50:50 ಅನುಪಾತದ ಹಂಚಿಕೆಯ ವಿವಾದ ರಾಜ್ಯವನ್ನೇ ಅಲ್ಲಾಡಿಸಿತು. ಜುಲೈನಲ್ಲಿ ನ್ಯಾಯಮೂರ್ತಿ ಪಿ.ಎನ್. ದೇಸಾಯಿ ಆಯೋಗ ರಚನೆಯಾಯಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನ ಮೈಸೂರು ಅಭಿವೃದ್ಧಿ ಪ್ರಾಧಿಕಾರದ ಮಸೂದೆಯನ್ನು ಅಂಗೀಕರಿಸಿತು. ಬೆಂಗಳೂರಿಗೆ 1976ರಿಂದಲೇ ಸ್ವಂತ ಪ್ರಾಧಿಕಾರದ ಕಾಯ್ದೆ ಇತ್ತು, ಮೈಸೂರು ಮಾತ್ರ ರಾಜ್ಯದ ಇತರ ನಗರಗಳ ಜೊತೆ ಒಂದೇ ಕಾಯ್ದೆಯಡಿ ಇತ್ತು. ಈಗ ಮುಡಾ ಹೋಗಿ ಎಂಡಿಎ.

ಇಂಥ ಕಾಯ್ದೆಯನ್ನು ಓದುವವರಿಗೆ ನನ್ನದೊಂದು ಸಲಹೆ: ಕೊನೆಯಿಂದ ಓದಿ. ಪೀಠಿಕೆಯಲ್ಲಿ ಸದಾಶಯ ಇರುತ್ತದೆ, ಕೊನೆಯ ಪ್ರಕರಣಗಳಲ್ಲಿ ಬದುಕು ಇರುತ್ತದೆ. ಅಲ್ಲಿ "ನಿರಸನ ಮತ್ತು ಉಳಿಸುವಿಕೆ" ಎಂಬ ತಲೆಬರಹದ ಅಡಿಯಲ್ಲಿ ಹಳೆಯ ಸಂಸ್ಥೆಯ ಆಸ್ತಿ ಯಾರಿಗೆ, ಸಾಲ ಯಾರ ಮೇಲೆ, ನ್ಯಾಯಾಲಯದಲ್ಲಿರುವ ದಾವೆಗಳನ್ನು ಯಾರು ಮುಂದುವರಿಸಬೇಕು, ಹಳೆಯ ನೌಕರರು ಯಾವ ಷರತ್ತಿನ ಮೇಲೆ ಹೊಸ ಸಂಸ್ಥೆಯವರಾಗುತ್ತಾರೆ ಎಂಬುದು ಬರೆದಿರುತ್ತದೆ. ಬೇರೆ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದ ತಹಶೀಲ್ದಾರ್, ಎಂಜಿನಿಯರುಗಳಿಗೆ ಫಲಕ ಬದಲಾದರೂ ಮಾತೃ ಇಲಾಖೆ ಇದ್ದೇ ಇರುತ್ತದೆ. ನಿದ್ದೆಗೆಡುವವರು ಸಂಸ್ಥೆಯ ಸ್ವಂತ ನೌಕರರು.

ವಿದ್ಯುತ್ ಮಂಡಳಿ ಒಡೆದಾಗ ಇದೇ ಆತಂಕವಿತ್ತು. 1999ರ ವಿದ್ಯುಚ್ಛಕ್ತಿ ಸುಧಾರಣಾ ಅಧಿನಿಯಮದಿಂದ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ವಿತರಣೆ ಬೇರೆಯಾಗಿ ಮೈಸೂರು, ಮಂಡ್ಯದ ಪಾಲಿಗೆ 2005ರಲ್ಲಿ ಚೆಸ್ಕಾಂ ಎಂಬ ಕಂಪನಿ ಆಯಿತು. ಹಳೆಯ ನೌಕರರ ಪಿಂಚಣಿಗೆಂದು ಪ್ರತ್ಯೇಕ ಟ್ರಸ್ಟ್ ಮಾಡಿದ ಮೇಲೆಯೇ ಗದ್ದಲ ತಣ್ಣಗಾದದ್ದು. ಕಂಬ ಹತ್ತುವವನನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ "ಕೆಇಬಿಯವನು" ಎಂದೇ ಕರೆಯುತ್ತಾರೆ. ಕಾಯ್ದೆ ಕಚೇರಿಯ ಹೆಸರನ್ನು ಬದಲಿಸಬಹುದು, ಬಾಯಿಯನ್ನಲ್ಲ.

ಕಾಯ್ದೆ ಬಂದರೂ ಸಂಸ್ಥೆ ಕಾಲೂರದಿರುವುದೂ ಉಂಟು. ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ 2024ರ ಅಧಿನಿಯಮವನ್ನು ಮೈಸೂರು ರಾಜಮನೆತನದ ಪ್ರಮೋದಾದೇವಿ ಒಡೆಯರ್ ಅವರು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಮಧ್ಯಂತರ ಆದೇಶದ ಬಿಸಿ ಪ್ರಾಧಿಕಾರಕ್ಕೆ ಆರಂಭದಲ್ಲೇ ತಟ್ಟಿತು.

ಇನ್ನು ಹುದ್ದೆಯನ್ನೇ ಅಳಿಸಿಹಾಕುವ ಕಾಯ್ದೆ. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಅಧಿನಿಯಮ 1963ರ ಫೆಬ್ರವರಿ 1ರಂದು ಜಾರಿಗೆ ಬಂದ ದಿನ, ವಂಶಪಾರಂಪರ್ಯವಾಗಿ ಬಂದ ಪಟೇಲಿಕೆ, ಶಾನುಭೋಗಿಕೆ ಎರಡೂ ಮುಗಿದವು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ, ಅವನ ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ. ತೋಟಿ, ತಳವಾರ, ನೀರಗಂಟಿಗಳ ಸೇವೆಗೆ ಬಿಟ್ಟಿದ್ದ ಇನಾಂ ಜಮೀನುಗಳನ್ನು ಅವರಿಗೇ ಮರುಮಂಜೂರು ಮಾಡಬೇಕಿತ್ತು. ಆ ಮರುಮಂಜೂರಾತಿಯ ಕಡತಗಳು ನಾನು ನಿವೃತ್ತನಾಗುವ ವರ್ಷವೂ ನನ್ನ ಮೇಜಿಗೆ ಬರುತ್ತಿದ್ದವು. ಹುದ್ದೆ ಒಂದೇ ದಿನದಲ್ಲಿ ಹೋಯಿತು, ಅದರ ಕಾಗದ ಮೂರು ತಲೆಮಾರಾದರೂ ಮುಗಿದಿರಲಿಲ್ಲ.

ಯಾರು ಸರ್ಕಾರಿ ನೌಕರ?

ಹೊಸ ಕಾಯ್ದೆ ಬಂದಾಗ ಮೊದಲು ಕೇಳಬೇಕಾದ, ಯಾರೂ ಕೇಳದ ಪ್ರಶ್ನೆ ಇದು. ಒಂದೇ ಕಟ್ಟಡದಲ್ಲಿ ಕೆಲಸ ಮಾಡುವವರೆಲ್ಲ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ತಹಶೀಲ್ದಾರರು ಸಿವಿಲ್ ಹುದ್ದೆಯಲ್ಲಿರುವವರು. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಅವರ ಮಾತು ಕೇಳದೆ ವಜಾ ಮಾಡುವಂತಿಲ್ಲ ಎಂಬ 311ನೇ ವಿಧಿಯ ರಕ್ಷಣೆ ಅವರಿಗಿದೆ. ಅಭಿವೃದ್ಧಿ ಪ್ರಾಧಿಕಾರದ, ಚೆಸ್ಕಾಂನ, ಸಾರಿಗೆ ನಿಗಮದ ಸ್ವಂತ ನೌಕರರಿಗೆ ಸಂವಿಧಾನದ ಆ ಕವಚ ಇಲ್ಲ, ಆಯಾ ಸಂಸ್ಥೆಯ ನಿಬಂಧನೆಗಳೇ ಗತಿ. ಕಂಪ್ಯೂಟರ್ ಮುಂದೆ ಕುಳಿತು ನಿಮ್ಮ ಅರ್ಜಿ ನೋಂದಾಯಿಸುವ ಹುಡುಗಿ ಹೊರಗುತ್ತಿಗೆಯವಳಾಗಿದ್ದರೆ ಅವಳ ಮಾಲೀಕ ಸರ್ಕಾರವೇ ಅಲ್ಲ, ಟೆಂಡರ್ ಪಡೆದ ಏಜೆನ್ಸಿ. ವೇತನ ಆಯೋಗವಾಗಲಿ ಬಡ್ತಿ ನಿಯಮವಾಗಲಿ ಅವಳ ಹತ್ತಿರಕ್ಕೆ ಬರುವುದಿಲ್ಲ. ಜನರ ಬೈಗುಳ ಮಾತ್ರ ಮೊದಲು ಅವಳಿಗೇ.

ದಿನಗೂಲಿ ನೌಕರರ ವಿಷಯದಲ್ಲಿ ಇಡೀ ದೇಶಕ್ಕೆ ಗೆರೆ ಎಳೆದ ತೀರ್ಪು ಕರ್ನಾಟಕದ್ದೇ. 2006ರ ಏಪ್ರಿಲ್ 10ರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನಿಯಮದ ಪ್ರಕಾರ ಸ್ಪರ್ಧೆಯಿಂದ ಬಾರದವರಿಗೆ ಎಷ್ಟೇ ವರ್ಷ ದುಡಿದರೂ ಕಾಯಮಾತಿ ಹಕ್ಕಲ್ಲ ಎಂದಿತು. ಅವರನ್ನು ಬೀದಿಗೆ ಬಿಡಲಾಗದೆ, ಕಾಯಂ ಮಾಡಲೂ ಆಗದೆ, ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ತಂದಿತು. ಪಟ್ಟಿಯಲ್ಲಿರುವವರು ಅರವತ್ತರವರೆಗೆ ಕೆಲಸದಲ್ಲಿ ಉಳಿಯಬಹುದು, ಆದರೆ ಕಾಯಂ ನೌಕರರಲ್ಲ. ನ್ಯಾಯಾಲಯ ಮುಚ್ಚಿದ ಬಾಗಿಲ ಪಕ್ಕದಲ್ಲಿ ಶಾಸನಸಭೆ ಒಂದು ಕಿಟಕಿ ತೆರೆದಂತೆ ಇದು, ಒಳಗೆ ಬರಲಾಗದು, ಗಾಳಿ ಬರುತ್ತದೆ.

ಕೌಂಟರಿನ ಎರಡು ಬದಿ

ಸಕಾಲವನ್ನು ಜನ ನಾಗರಿಕರ ಕಾಯ್ದೆ ಎಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಅದು ನೌಕರರ ಕಾಯ್ದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಹದಿನೈದು ಅಂಕಿಯ ಸಂಖ್ಯೆ ಬರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ವಸೂಲಿ. ಲೆಕ್ಕ ಹಾಕಿ: ಇಪ್ಪತ್ತೈದು ದಿನಕ್ಕೆ 500 ತುಂಬಿತು. ಇಪ್ಪತ್ತಾರನೆಯ ದಿನದಿಂದ ವಿಳಂಬ ಪುಕ್ಕಟೆ! ಆದರೂ ಕಾಯ್ದೆ ಕೆಲಸ ಮಾಡಿದೆ. ಕೆಲಸ ಮಾಡಿಸಿದ್ದು ಇಪ್ಪತ್ತು ರೂಪಾಯಿಯಲ್ಲ, ಬಾಕಿಯ ಪಟ್ಟಿ ಮೇಲಧಿಕಾರಿಯ ಪರದೆಯ ಮೇಲೆ ಕಾಣುವಂತಾದದ್ದು. ಅದರ ಅಡ್ಡಪರಿಣಾಮವನ್ನೂ ಹೇಳಬೇಕು. ಗಡುವಿನ ಹಿಂದಿನ ಸಂಜೆ "ದಾಖಲೆ ಅಪೂರ್ಣ" ಎಂದು ಅರ್ಜಿ ತಿರಸ್ಕರಿಸಿದರೆ ಅದೂ ವಿಲೇವಾರಿಯೇ. ಈ ಕಲೆಯಲ್ಲಿ ಪಳಗಿದವರನ್ನು ನಾನು ಕಂಡಿದ್ದೇನೆ. ತಿರಸ್ಕಾರದ ವಿರುದ್ಧವೂ ಮೇಲ್ಮನವಿ ಇದೆ ಎಂಬುದನ್ನು ಅರ್ಜಿದಾರರು ನೆನಪಿಟ್ಟುಕೊಂಡರೆ ಆ ಕಲೆ ತಾನಾಗಿ ಕುಂದುತ್ತದೆ.

ನೌಕರನಿಗೇ ಅನ್ಯಾಯವಾದರೆ? ಸಿವಿಲ್ ಹುದ್ದೆಯವರು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಮೊದಲು ಇಲಾಖೆಯಲ್ಲಿ ಮೇಲ್ಮನವಿ ಅಥವಾ ಮನವಿ ಸಲ್ಲಿಸಬೇಕು. ಅಂತಿಮ ಆದೇಶ ಬಂದರೆ ಅಂದಿನಿಂದ ಒಂದು ವರ್ಷ. ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ಪದೇ ಪದೇ ಜ್ಞಾಪನ ಪತ್ರ ಬರೆಯುತ್ತಾ ಕುಳಿತರೆ ಈ ಅವಧಿ ಬೆಳೆಯುವುದಿಲ್ಲ. ಒಳ್ಳೆಯ ಪ್ರಕರಣಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಪೀಠಗಳು ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿವೆ, ನಮ್ಮವರು ಬೆಂಗಳೂರಿನ ರೈಲು ಹತ್ತಬೇಕು.

ಈಗ ಅಳಿಯನ ಕಾಗದ. ಅದರ ಮೊದಲ ಸಾಲಿನಲ್ಲೇ ಎಲ್ಲವೂ ಇತ್ತು: "ಈ ಕೆಳಕಂಡ ನಿಯಮಗಳ ಕರಡನ್ನು…" ಕರಡು! ನಾನು ಮೇಲೆ ಹೇಳಿದ 1978ರ ಅಧಿನಿಯಮದ 3ನೇ ಪ್ರಕರಣ, ನೌಕರರ ಸೇವಾ ನಿಯಮಗಳನ್ನು ಅಂತಿಮಗೊಳಿಸುವ ಮೊದಲು ಬಾಧಿತರಾಗಬಹುದಾದವರ ಮಾಹಿತಿಗಾಗಿ ಕರಡು ಪ್ರಕಟಿಸಬೇಕೆಂದು ಹೇಳುತ್ತದೆ. ಪ್ರಕಟಣೆಯಿಂದ ಇಷ್ಟು ದಿನದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಸರ್ಕಾರ ಪರಿಗಣಿಸಬೇಕು. ಇವನ ಕಾಗದದಲ್ಲಿ ಹದಿನೈದು ದಿನ ಎಂದಿತ್ತು. ರಾಜ್ಯಪತ್ರದ ದಿನಾಂಕದಿಂದ ಎಣಿಸಿದೆವು. ಹನ್ನೆರಡು ದಿನ ವಾಟ್ಸಾಪಿನಲ್ಲೇ ಕಳೆದಿತ್ತು.

"ಮೂರು ದಿನದಲ್ಲಿ ಏನು ಮಾಡಲು ಸಾಧ್ಯ ಮಾವ?" ಎಂದ. ಒಂದು ಬಿಳಿ ಹಾಳೆ ಸಾಕು ಎಂದೆ. ಮೇಲೆ ಕರಡಿನ ಸಂಖ್ಯೆ, ದಿನಾಂಕ. ಕೆಳಗೆ ಯಾವ ಕಲಂಗೆ ಆಕ್ಷೇಪಣೆ, ಅದರಿಂದ ಎಷ್ಟು ಬಡ್ತಿ ಹುದ್ದೆ ಕಡಿಮೆಯಾಗುತ್ತದೆ, ಎಷ್ಟು ಮಂದಿ ಅರ್ಹರು ಕಾಯುತ್ತಿದ್ದಾರೆ ಎಂಬ ಲೆಕ್ಕ. "ಉಗ್ರ ಹೋರಾಟ" ಎಂಬ ಪದ ಬೇಡ. ಆ ರಾತ್ರಿ ಹನ್ನೊಂದಕ್ಕೆ ಕರಡು ಆಕ್ಷೇಪಣೆ ನನ್ನ ಮೊಬೈಲಿಗೆ ಬಂತು. ಎರಡು ಕಡೆ ಕಾಗುಣಿತ ತಿದ್ದಿ, ಜ್ಯೇಷ್ಠತಾ ಪಟ್ಟಿಯ ಪ್ರತಿಯನ್ನು ಲಗತ್ತಿಸಲು ಹೇಳಿ ವಾಪಸು ಕಳುಹಿಸಿದೆ. ಬೆಳಿಗ್ಗೆ ಮಂಡ್ಯದ ಪ್ರಧಾನ ಅಂಚೆ ಕಚೇರಿಯಿಂದ ಅವನೂ ಅವನ ಕಚೇರಿಯ ಇನ್ನಿಬ್ಬರೂ ಸ್ಪೀಡ್ ಪೋಸ್ಟ್ ಮಾಡಿದರಂತೆ. ರಸೀತಿಯ ಚಿತ್ರವನ್ನೂ ಕಳುಹಿಸಿದ್ದಾನೆ, ಮುದ್ರೆ ಸರಿಯಾಗಿ ಬಿದ್ದಿದೆ, ದಿನಾಂಕ ಓದಲು ಬರುತ್ತದೆ.